ಮೇಲಿನ ಬಿಜಾಗರಿ

ಕಳೆದ ಏಪ್ರಿಲ್‌ನಲ್ಲಿ ಊರಿಗೆ ಹೋದ ಮರುದಿನ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ ಅಪ್ಪನ ಕೋಣೆಯ ಬಾಗಿಲಿಗೆ ಎಣ್ಣೆ ಬಿಟ್ಟದ್ದು. ಹಿಂದಿನ ರಾತ್ರಿ ಅದು ಮೂರು ಸಲ ಕಿರುಗುಟ್ಟಿತ್ತು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಎಡಗೈ, ಎಡಗಾಲು ಸೋತ ಮೇಲೆ ಅಪ್ಪ ರಾತ್ರಿ ಎರಡು ಮೂರು ಬಾರಿ ಎದ್ದು ಬಚ್ಚಲಿಗೆ ಹೋಗುತ್ತಾರೆ. ಒಂದೊಂದು ಸಲವೂ ಆ ಸದ್ದು ಮನೆಯನ್ನೆಲ್ಲ ಎಬ್ಬಿಸುವಂತಿತ್ತು. ಅಡುಗೆಮನೆಯಿಂದ ತೆಂಗಿನೆಣ್ಣೆ ತಂದು, ಮೇಲಿನ ಬಿಜಾಗರಿಗೂ ಕೆಳಗಿನದಕ್ಕೂ ನಾಲ್ಕು ನಾಲ್ಕು ಹನಿ ಬಿಟ್ಟು, ಬಾಗಿಲನ್ನು ಹತ್ತು ಸಲ ತೆರೆದು ಮುಚ್ಚಿದೆ. ಸದ್ದು ನಿಂತಿತು. ಅಮ್ಮನನ್ನು ಕರೆದು ತೋರಿಸಿದೆ. "ಆಯ್ತಲ್ಲ, ಒಳ್ಳೇದಾಯ್ತು" ಎಂದು ಅಮ್ಮ ಒಲೆಯ ಕಡೆಗೆ ಹೋದಳು. ಇಷ್ಟು ದಿನ ಯಾರಿಗೂ ತೋಚದ ಕೆಲಸ ನಾನು ಬಂದ ಕೂಡಲೇ ಆಯಿತೆಂಬ ಸಣ್ಣ ಹೆಮ್ಮೆ ನನಗೆ ಇದ್ದದ್ದು ಹೌದು.

ನಾಲ್ಕನೆಯ ರಾತ್ರಿ ನೀರು ಕುಡಿಯಲು ಎದ್ದೆ. ಚಾವಡಿಯಲ್ಲಿ ಮಲಗಬೇಕಿದ್ದ ಅಮ್ಮ ಅಪ್ಪನ ಕೋಣೆಯ ಹೊಸ್ತಿಲಿಗೆ ಅಡ್ಡವಾಗಿ ಚಾಪೆ ಹಾಸಿ ಮಲಗಿದ್ದಳು. ಏಕೆಂದು ಕೇಳಿದೆ. ಮೊದಲು ಹೇಳಲಿಲ್ಲ. ಮತ್ತೆ ಕೇಳಿದ ಮೇಲೆ ಹೇಳಿದಳು: "ಎಣ್ಣೆ ಹಾಕ್ಲಿಕ್ಕೆ ನಂಗೆ ಗೊತ್ತಿಲ್ವಾ? ಆ ಶಬ್ದ ಕೇಳಿದ್ರೆ ಅಪ್ಪ ಎದ್ದದ್ದು ಗೊತ್ತಾಗ್ತದೆ. ಅದಕ್ಕೇ ಹಾಗೆ ಬಿಟ್ಟದ್ದು. ಮೊನ್ನೆ ಅವರು ಎದ್ದು ಬಚ್ಚಲಿನವರೆಗೆ ಒಬ್ಬರೇ ಹೋಗಿದ್ದಾರೆ, ನಂಗೆ ಎಚ್ಚರವೇ ಆಗ್ಲಿಲ್ಲ."

ಅಂದರೆ ನಾನು ನಿಲ್ಲಿಸಿದ ಸದ್ದಿನ ಕೆಲಸವನ್ನು ಅಮ್ಮ ತನ್ನ ಮೈಯಿಂದ ಮಾಡುತ್ತಿದ್ದಳು. ಅಪ್ಪ ಎದ್ದರೆ ಅವಳನ್ನು ದಾಟಿಯೇ ಹೋಗಬೇಕಿತ್ತು.

ಈ ಸಂಗತಿಯನ್ನು ಒಂದು ಕೌಟುಂಬಿಕ ಪ್ರಮಾದವೆಂದು ಮರೆಯಬಹುದಿತ್ತು. ಆದರೆ ಅದರಲ್ಲೊಂದು ಪ್ರಶ್ನೆ ಇದೆ, ಅದು ನನ್ನನ್ನು ಬಿಟ್ಟಿಲ್ಲ. ಭಾರ ಹೊರುವವರು ಸದ್ದು ಮಾಡಿದಾಗ ನಾವು ಏನು ಮಾಡಬೇಕು? ಸದ್ದನ್ನು ನಿಲ್ಲಿಸುವುದು, ಭಾರವನ್ನು ಇಳಿಸುವುದು, ಇವೆರಡೂ ಒಂದೇ ಎಂದು ನಾವು ಎಷ್ಟು ಸುಲಭವಾಗಿ ನಂಬಿಬಿಡುತ್ತೇವೆ!

ಬೆಳಗಾಗುವಾಗ ಬಾಗಿಲು ಮತ್ತೆ ಕಿರುಗುಟ್ಟಲು ತೊಡಗಿತ್ತು. ಆಚಾರ್ರಿಗೆ ಫೋನು ಮಾಡಿದೆ. ಸಂಜೆ ಬಂದವರು ಬಿಜಾಗರಿಯನ್ನು ನೋಡುವ ಮೊದಲು ಬಾಗಿಲಿನ ಕೆಳಗಿನ ತುದಿಯನ್ನು ನೋಡಿದರು. ಹಿಡಿಕೆಯ ಕಡೆ ಬಾಗಿಲು ನೆಲಕ್ಕೆ ತಾಗುವಷ್ಟು ಇಳಿದಿತ್ತು, ರೆಡಾಕ್ಸೈಡ್ ನೆಲದ ಮೇಲೆ ಕಮಾನಿನಂತೆ ಒಂದು ಗೀರು ಬಿದ್ದಿತ್ತು. ದಿನಾ ಅದರ ಮೇಲೆ ನಡೆದಾಡಿದ್ದೆ, ಕಂಡಿರಲಿಲ್ಲ. ಮೇಲಿನ ಬಿಜಾಗರಿಯ ಸ್ಕ್ರೂಗಳು ಮರದಿಂದ ಅರ್ಧ ಹೊರಗೆ ಬಂದಿದ್ದವು. "ಎಣ್ಣೆ ಹಾಕಿದ್ರೆ ಎಂತ ಆಗ್ತದೆ ಮಾರಾಯ್ರೆ? ಇದು ದಾರಂದ ಬಿಟ್ಟು ಬರ್ತಾ ಉಂಟು. ಈ ಬಾಗಿಲಿಗೆ ಯಾರಾದ್ರೂ ನೇತಾಡ್ತಾರಾ?" ಎಂದು ಕೇಳಿದರು. ನಾನು ಇಲ್ಲವೆಂದೆ. ಅಮ್ಮ ಹೌದೆಂದಳು. ಅಪ್ಪ ಮಂಚದಿಂದ ಎದ್ದು ಎರಡು ಹೆಜ್ಜೆ ಇಟ್ಟು, ಬಲಗೈಯಿಂದ ಬಾಗಿಲಿನ ಹಿಡಿಕೆಗೆ ಮೈಯ ಭಾರ ಹಾಕಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಹೊಸ್ತಿಲು ದಾಟುತ್ತಾರೆ. ಮೂರು ವರ್ಷದಿಂದ ಹಾಗೆಯೇ. ಇದೂ ನನಗೆ ಗೊತ್ತಿರಲಿಲ್ಲ.

ಬಾಗಿಲು ಬಿಜಾಗರಿಯ ಮೇಲೆ ಹೇಗೆ ಭಾರ ಹಾಕುತ್ತದೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಬಾಗಿಲು ಕೆಳಗೆ ಜಗ್ಗುತ್ತದೆಂದು ನಾವು ತಿಳಿದಿರುತ್ತೇವೆ. ಅದು ಕೆಳಗೆ ಮಾತ್ರ ಜಗ್ಗುವುದಿಲ್ಲ, ಪಕ್ಕಕ್ಕೂ ವಾಲುತ್ತದೆ. ಅದರ ತೂಕದ ನಡುಬಿಂದು ಚೌಕಟ್ಟಿನಿಂದ ದೂರದಲ್ಲಿ, ಬಾಗಿಲಿನ ಅಗಲದ ಮಧ್ಯದಲ್ಲಿ ಇರುವುದರಿಂದ ಮೇಲಿನ ಬಿಜಾಗರಿಯನ್ನು ಅದು ಚೌಕಟ್ಟಿನಿಂದ ಹೊರಕ್ಕೆ ಎಳೆಯುತ್ತದೆ, ಕೆಳಗಿನದನ್ನು ಚೌಕಟ್ಟಿನ ಒಳಕ್ಕೆ ಒತ್ತುತ್ತದೆ. 30 ಕಿಲೋ ತೂಕದ, 90 ಸೆಂಟಿಮೀಟರ್ ಅಗಲದ ಬಾಗಿಲು. ಎರಡು ಬಿಜಾಗರಿಗಳ ನಡುವೆ 150 ಸೆಂಟಿಮೀಟರ್ ಅಂತರ ಎಂದಿಟ್ಟುಕೊಳ್ಳಿ. ಮೇಲಿನದರ ಮೇಲಿನ ಎಳೆತ ಸುಮಾರು 9 ಕಿಲೋ. ಈಗ ಒಬ್ಬರು ತುದಿಯ ಹಿಡಿಕೆಗೆ 20 ಕಿಲೋದಷ್ಟು ಭಾರ ಹಾಕಿದರೆ ಇನ್ನೂ 11 ಕಿಲೋದ ಹತ್ತಿರ ಸೇರುತ್ತದೆ. ಎಳೆತ ಇಮ್ಮಡಿಗಿಂತ ಹೆಚ್ಚಾಯಿತು. ಒತ್ತುವ ಭಾರವನ್ನು ಮರ ತಡೆದುಕೊಳ್ಳುತ್ತದೆ. ಎಳೆಯುವ ಭಾರವನ್ನು ತಡೆಯಲು ಮರದ ನಾರನ್ನು ಕಚ್ಚಿ ಹಿಡಿದ ಸ್ಕ್ರೂವಿನ ಎಳೆಗಳಷ್ಟೇ ಇರುವುದು. ಆದ್ದರಿಂದ ಹೆಚ್ಚಿನ ಬಾಗಿಲುಗಳಲ್ಲಿ ಮೊದಲು ಸೋಲುವುದು ಮೇಲಿನ ಬಿಜಾಗರಿ. ಕೆಳಗಿನದು ಗಟ್ಟಿಯಾಗಿಯೇ ಇರುತ್ತದೆ, ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಹಾಗಾಗಿ ಕಿರುಗುಟ್ಟುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿರುತ್ತವೆ. ಒಂದು, ಗೆಣ್ಣುಗಳ ನಡುವಿನ ಕಡ್ಡಿ ಒಣಗಿ, ತುಕ್ಕು ಹಿಡಿದು ಲೋಹ ಲೋಹಕ್ಕೆ ಉಜ್ಜುವುದು. ಇದಕ್ಕೆ ಎಣ್ಣೆ ಸಾಕು, ಅದೂ ಹೊಲಿಗೆ ಯಂತ್ರದ ಎಣ್ಣೆಯೋ ಗ್ರೀಸೋ ಆಗಬೇಕು. ತೆಂಗಿನೆಣ್ಣೆ ದೂಳನ್ನು ಹಿಡಿದು ಕೆಲವು ದಿನಗಳಲ್ಲಿ ಅಂಟಾಗುತ್ತದೆ. ಇನ್ನೊಂದು, ಬಾಗಿಲು ವಾಲಿ ಕಡ್ಡಿ ಓರೆಯಾಗಿ ಗೆಣ್ಣಿನ ಒಂದೇ ಬದಿಗೆ ಒತ್ತುವುದು. ಇಲ್ಲಿ ಎಣ್ಣೆ ಸದ್ದನ್ನು ಸ್ವಲ್ಪ ದಿನ ಮುಚ್ಚುತ್ತದೆ, ಅಷ್ಟೇ. ಆ ಸ್ವಲ್ಪ ದಿನಗಳಲ್ಲಿ ಸ್ಕ್ರೂಗಳು ಇನ್ನಷ್ಟು ಹೊರಗೆ ಬರುತ್ತವೆ. ಕೇಳುವವರಿಗೆ ಎರಡೂ ಒಂದೇ ಸದ್ದು.

ನಾನು ಓದುತ್ತಿರುವುದು ತತ್ತ್ವಶಾಸ್ತ್ರ. ಬಿಜಾಗರಿ ಎಂದ ಕೂಡಲೇ ನಮ್ಮಲ್ಲಿ ಯಾರಿಗಾದರೂ ನೆನಪಾಗುವುದು ವಿಟ್‌ಗೆನ್‌ಸ್ಟೈನ್. 1951ರಲ್ಲಿ ತೀರಿಕೊಳ್ಳುವ ಎರಡು ದಿನ ಮೊದಲಿನವರೆಗೂ ಆತ ಬರೆಯುತ್ತಿದ್ದ ಟಿಪ್ಪಣಿಗಳು 1969ರಲ್ಲಿ 'ಆನ್ ಸರ್ಟನ್ಟಿ' ಎಂಬ ಪುಸ್ತಕವಾಗಿ ಬಂದವು. ನಾವು ಯಾವುದನ್ನಾದರೂ ಅನುಮಾನಿಸಬೇಕಾದರೆ ಬೇರೆ ಕೆಲವನ್ನು ಅನುಮಾನಿಸದೆ ಬಿಟ್ಟಿರಲೇಬೇಕು, ಬಾಗಿಲು ತಿರುಗಬೇಕಾದರೆ ಬಿಜಾಗರಿ ಇದ್ದಲ್ಲೇ ಇರಬೇಕಾದ ಹಾಗೆ ಎಂಬುದು ಅಲ್ಲಿನ ಒಂದು ವಿಚಾರ. ಅದಕ್ಕಿಂತ ಬಹಳ ಹಿಂದೆ ಯುರೋಪಿನ ನೀತಿಚಿಂತನೆ ವಿವೇಕ, ನ್ಯಾಯ, ಧೈರ್ಯ, ಸಂಯಮ ಎಂಬ ನಾಲ್ಕು ಗುಣಗಳಿಗೆ ಲ್ಯಾಟಿನ್ನಿನಲ್ಲಿ ಬಿಜಾಗರಿ ಎಂಬ ಅರ್ಥದ 'ಕಾರ್ಡೋ' ಪದದಿಂದಲೇ ಹೆಸರು ಕೊಟ್ಟಿತ್ತು. ಬದುಕು ಅವುಗಳ ಮೇಲೆ ತಿರುಗುತ್ತದೆ ಎಂದು. ನಮ್ಮ ಕರಾವಳಿಯ 'ಬಿಜಾಗರಿ'ಯೂ ದೂರದಿಂದ ಬಂದದ್ದೇ. ಪೋರ್ಚುಗೀಸರ 'ಬಿಸಾಗ್ರಾ' ಮರಾಠಿಯಲ್ಲಿ ಬಿಜಾಗರಿಯಾಗಿ, ಮಲಯಾಳದಲ್ಲಿ ವಿಜಾಗಿರಿಯಾಗಿ ಉಳಿದಿದೆ.

ಈ ಹೋಲಿಕೆಗಳಲ್ಲೆಲ್ಲ ಬಿಜಾಗರಿಯ ಗುಣ ಅದರ ಅಲುಗದಿರುವಿಕೆ. ಅದನ್ನು ತರ್ಕದ ಪುಸ್ತಕದಲ್ಲಿ ಒಪ್ಪಬಹುದು, ಮನೆಯಲ್ಲಿ ಒಪ್ಪುವುದು ಕಷ್ಟ. ಆಚಾರ್ರು ಬಿಚ್ಚಿ ಕೈಗೆ ಕೊಟ್ಟ ಬಿಜಾಗರಿಯಲ್ಲಿ ಎರಡು ರೆಕ್ಕೆಗಳಿದ್ದವು. ಒಂದು ಚೌಕಟ್ಟಿಗೆ ಸೇರಿದ್ದು, ಎಂದೂ ಅಲ್ಲಾಡುವುದಿಲ್ಲ. ಇನ್ನೊಂದು ಬಾಗಿಲಿಗೆ ಸೇರಿದ್ದು, ಅದರ ಜೊತೆ ತಿರುಗುತ್ತದೆ. ವಚನಕಾರರು ನಮಗೆ ಕೊಟ್ಟ ಸ್ಥಾವರ–ಜಂಗಮ ಎಂಬ ಜೋಡಿ ಇದಕ್ಕೆ ಒಪ್ಪುತ್ತದೆ. ಆ ಚಿಂತನೆಯಲ್ಲಿ ಮೇಲುಗೈ ಜಂಗಮದ್ದು. ಆದರೆ ಒಂದು ಮನೆಯೊಳಗೆ ಯಾರು ಜಂಗಮರಾಗುತ್ತಾರೆ, ಯಾರ ಪಾಲಿಗೆ ಸ್ಥಾವರ ಬೀಳುತ್ತದೆ ಎಂದು ಕೇಳಿದರೆ ಉತ್ತರ ಅಷ್ಟು ಹಗುರವಾಗಿರುವುದಿಲ್ಲ. ಅಣ್ಣ ಬೆಂಗಳೂರಿಗೆ ಹೋದ, ನಾನು ಮೈಸೂರಿಗೆ ಬಂದೆ. ಗ್ರಂಥಾಲಯದಲ್ಲಿ ಕೂತು ನಿಶ್ಚಯದ ಬಗ್ಗೆ ಐದು ವರ್ಷ ಯೋಚಿಸುವ ನನ್ನ ಸ್ವಾತಂತ್ರ್ಯಕ್ಕೆ ಒಂದು ನಿಶ್ಚಯ ಬೇಕಿತ್ತು: ಊರಿನಲ್ಲಿ ಅಮ್ಮ ಇದ್ದಾಳೆ. ಅದನ್ನು ನಾನು ಎಂದೂ ಅನುಮಾನಿಸಿರಲಿಲ್ಲ, ಅನುಮಾನಿಸಬೇಕೆಂದು ಅನ್ನಿಸಿರಲೂ ಇಲ್ಲ.

"ಅಮ್ಮನೇ ನಮ್ಮ ಮನೆಯ ಆಧಾರ" ಎಂದು ನಾವೆಲ್ಲ ಹೇಳುತ್ತೇವೆ. ನಾನೂ ಹೇಳಿದ್ದೇನೆ, ಪ್ರೀತಿಯಿಂದಲೇ. ಈಗ ಆ ಹೊಗಳಿಕೆಯಲ್ಲಿ ಒಂದು ಅಪ್ಪಣೆಯೂ ಕೇಳುತ್ತದೆ. ಆಧಾರವೆಂದು ಕರೆಸಿಕೊಂಡವರು ಜಾಗ ಬಿಟ್ಟು ಕದಲುವಂತಿಲ್ಲ, ದಣಿವಾಯಿತೆಂದರೆ ಆಧಾರದ ಗೌರವಕ್ಕೇ ಕುಂದು. ಸದ್ದು ಮಾಡದಿರುವುದೇ ಅವರ ಸದ್ಗುಣವಾಗಿಬಿಡುತ್ತದೆ. ಸದ್ದು ಕೇಳಿಸಿದಾಗ ನಮ್ಮ ಬಳಿ ಎಣ್ಣೆ ಸಿದ್ಧವಿರುತ್ತದೆ. ದಿನಾ ಸಂಜೆ ಒಂದು ಫೋನು, "ಊಟ ಆಯ್ತಾ, ಹುಷಾರಾಗಿರು" ಎಂಬ ಮಾತು, ಹಬ್ಬಕ್ಕೊಂದು ಸೀರೆ. ಇವೆಲ್ಲ ಸುಳ್ಳಲ್ಲ. ಒಣಗಿದ ಕಡ್ಡಿಗೆ ಎಣ್ಣೆ ಬೇಕೇಬೇಕು, ಒಳ್ಳೆಯ ಮಾತಿಲ್ಲದೆ ಯಾರೂ ಬಹಳ ದಿನ ಬಾಳಲಾರರು. ಆದರೆ ವಾಲಿದ ಬಾಗಿಲಿಗೆ ಅದು ಮದ್ದಲ್ಲ. ಕಳೆದ ದೀಪಾವಳಿಯಿಂದ ಅಮ್ಮ ಫೋನಿನಲ್ಲಿ "ರಾತ್ರಿ ನಿದ್ದೆ ಇಲ್ಲ" ಎಂದು ಆಗಾಗ ಹೇಳುತ್ತಿದ್ದಳು. ಮಲಗುವ ಮೊದಲು ಬಿಸಿ ಹಾಲು ಕುಡಿ ಎಂದು ಹೇಳಿದ್ದೆ.

ಆರೈಕೆಯ ನೀತಿಯನ್ನು ಕುರಿತು ಬರೆದ ಜೋನ್ ಟ್ರಾಂಟೊ 1993ರ 'ಮಾರಲ್ ಬೌಂಡರೀಸ್' ಪುಸ್ತಕದಲ್ಲಿ ಅದಕ್ಕೆ ಬೇಕಾದ ನಾಲ್ಕು ಅಂಶಗಳನ್ನು ಹೇಳುತ್ತಾರೆ: ಗಮನಿಸುವುದು, ಹೊಣೆ ಹೊರುವುದು, ಕೆಲಸವನ್ನು ಸರಿಯಾಗಿ ಮಾಡಬಲ್ಲ ಸಾಮರ್ಥ್ಯ, ಮತ್ತು ಆರೈಕೆ ಪಡೆದವರಿಗೆ ಅದರಿಂದ ಏನಾಯಿತೆಂದು ಕೇಳಿಸಿಕೊಳ್ಳುವುದು. ಮೂರನೆಯದನ್ನು ನೀತಿಯ ಪಟ್ಟಿಯಲ್ಲಿ ಸೇರಿಸಿದ್ದು ಮೊದಲ ಓದಿನಲ್ಲಿ ನನಗೆ ವಿಚಿತ್ರವೆನಿಸಿತ್ತು. ಸಾಮರ್ಥ್ಯ ಕುಶಲತೆಯ ವಿಷಯ, ಉದ್ದೇಶ ಒಳ್ಳೆಯದಿದ್ದರೆ ನೀತಿಯ ಮಟ್ಟಿಗೆ ಸಾಕಲ್ಲವೇ? ಸಾಲದು ಎಂಬುದು ಅಪ್ಪನ ಕೋಣೆಯ ಬಾಗಿಲಲ್ಲಿ ಗೊತ್ತಾಯಿತು. ನಾನು ಸದ್ದನ್ನು ಗಮನಿಸಿದ್ದೆ, ಹೊಣೆಯನ್ನೂ ಹೊತ್ತಿದ್ದೆ. ಬಾಗಿಲು ಏಕೆ ಕಿರುಗುಟ್ಟುತ್ತದೆಂದು ತಿಳಿದಿರಲಿಲ್ಲ. ಅದರ ಜೊತೆ ಇರುವವಳನ್ನು ಕೇಳಿರಲಿಲ್ಲ. ಒಳ್ಳೆಯ ಉದ್ದೇಶದ ನಾಲ್ಕು ಹನಿ ಎಣ್ಣೆ ಅಪ್ಪನನ್ನು ಕತ್ತಲಲ್ಲಿ ಒಬ್ಬರೇ ನಡೆಸಿತು, ಅಮ್ಮನನ್ನು ನೆಲದ ಮೇಲೆ ಮಲಗಿಸಿತು.

ಹಳೆಯ ಮನೆಗಳ ಬಾಗಿಲಿನಲ್ಲಿ ಬಿಜಾಗರಿ ಇರುತ್ತಿರಲಿಲ್ಲ. ಹಲಗೆಯ ಒಂದು ಅಂಚಿನ ಮೇಲೂ ಕೆಳಗೂ ಮರದ ಗೂಟ ಚಾಚಿಕೊಂಡಿರುತ್ತಿತ್ತು. ಮೇಲಿನದು ಚೌಕಟ್ಟಿನ ಕುಳಿಯಲ್ಲಿ, ಕೆಳಗಿನದು ಹೊಸ್ತಿಲಿನ ಅಥವಾ ಕಲ್ಲಿನ ಕುಳಿಯಲ್ಲಿ ಕೂತು ಬಾಗಿಲು ತಿರುಗುತ್ತಿತ್ತು. ಅಂಥ ಬಾಗಿಲಿನ ತೂಕ ನೇರವಾಗಿ ನೆಲಕ್ಕೆ ಹೋಗುತ್ತದೆ. ಬಿಜಾಗರಿಯ ಬಾಗಿಲು ಪಕ್ಕದಿಂದ ತೂಗಾಡುತ್ತದೆ. ಅವಿಭಕ್ತ ಕುಟುಂಬದ ಕಾಲ ಆ ಹಳೆಯ ಬಾಗಿಲಿನಂತೆ ಇತ್ತು, ಭಾರ ಯಾರೊಬ್ಬರ ಮೇಲೂ ನೇತಾಡುತ್ತಿರಲಿಲ್ಲ ಎಂದು ಬರೆಯುವ ಆಸೆಯಾಗುತ್ತದೆ. ಅದು ನಿಜವಲ್ಲ. ಅಜ್ಜಿ ತನ್ನ ಅತ್ತೆಯನ್ನು ಎಂಟು ವರ್ಷ ಹಾಸಿಗೆಯಲ್ಲಿ ನೋಡಿಕೊಂಡಳು. ಆ ಮನೆಯಲ್ಲಿ ಹದಿನಾಲ್ಕು ಜನ ಇದ್ದರು. ನೆಲಕ್ಕೆ ಹೋಗಬೇಕಿದ್ದ ಭಾರ ಆಗಲೂ ಒಬ್ಬಳ ಮೂಲಕವೇ ಹೋಗುತ್ತಿತ್ತು. ಹಳೆಯ ಬಾಗಿಲಿನಿಂದ ಕಲಿಯಬೇಕಾದದ್ದು ಇಷ್ಟೇ: ಭಾರವನ್ನು ಹೊರಲು ಇನ್ನಷ್ಟು ಗಟ್ಟಿ ವ್ಯಕ್ತಿಯನ್ನು ಹುಡುಕುವ ಮೊದಲು, ಅದು ಯಾರ ಮೂಲಕವೂ ಹೋಗದೆ ನೆಲ ಸೇರುವ ದಾರಿ ಇದೆಯೇ ಎಂದು ನೋಡಬೇಕು.

ಹಾಗೊಂದು ದಾರಿ ಇತ್ತು. ಆಚಾರ್ರು ಮಂಚದ ಪಕ್ಕದ ಗೋಡೆಗೆ, ಬಾಗಿಲಿನವರೆಗೆ, ಸೊಂಟದ ಎತ್ತರದಲ್ಲಿ ಸ್ಟೀಲಿನ ಹಿಡಿಸರಳು ಕೂರಿಸಿದರು. ಅಪ್ಪನ ಭಾರ ಈಗ ಕಲ್ಲಿನ ಗೋಡೆಗೆ ಹೋಗುತ್ತದೆ. ಬಚ್ಚಲಿನ ಬಾಗಿಲು ಒಳಕ್ಕೆ ತೆರೆದುಕೊಳ್ಳುತ್ತಿತ್ತು. ಒಳಗೆ ಯಾರಾದರೂ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡವಾಗಿ ಹೊರಗಿನವರು ತೆರೆಯಲಾರರು. ಅದನ್ನು ಬಿಚ್ಚಿ, ಹೊರಕ್ಕೆ ತೆರೆಯುವಂತೆ ಬಿಜಾಗರಿಗಳನ್ನು ಬದಲಿಸಿ ಕೂರಿಸಿದರು. ಬಾಗಿಲು ಯಾವ ಕಡೆಗೆ ತೆರೆಯಬೇಕೆಂಬುದರಲ್ಲೂ, ಒಳಗಿರುವವರು ಬೀಳಬಹುದೆಂದು ಮೊದಲೇ ನೆನೆಯುವ ಒಂದು ನೀತಿ ಇದೆ.

ಬಿಜಾಗರಿ ತರಲು ನಾನೇ ಅಂಗಡಿಗೆ ಹೋದೆ. ನಮ್ಮ ಮನೆಯಿಂದ ಕಡಲಿಗೆ ಎರಡು ಕಿಲೋಮೀಟರು. ಉಪ್ಪುಗಾಳಿಗೆ ಕಬ್ಬಿಣದ್ದು ಬೇಗ ತುಕ್ಕು ಹಿಡಿಯುತ್ತದೆ. ಹಿತ್ತಾಳೆಯದು ಹಸಿರುಗಟ್ಟಿದರೂ ಬಾಳುತ್ತದೆ, ಆದರೆ ಅದಕ್ಕೆ ಹಿತ್ತಾಳೆಯ ಸ್ಕ್ರೂಗಳನ್ನೇ ಹಾಕಬೇಕು. ಹಿತ್ತಾಳೆಗೆ ತಾಗಿದ ಕಬ್ಬಿಣದ ಸ್ಕ್ರೂ ಉಪ್ಪಿನ ತೇವದಲ್ಲಿ ಇನ್ನೂ ಬೇಗ ಸವೆಯುತ್ತದೆ. ನಾನು ಸ್ಟೇನ್‌ಲೆಸ್ ಸ್ಟೀಲಿನ ನಾಲ್ಕು ಇಂಚಿನವು ಮೂರು, ಅದೇ ಲೋಹದ ಉದ್ದ ಸ್ಕ್ರೂಗಳ ಜೊತೆ ತಂದೆ. ಸಡಿಲವಾದ ತೂತುಗಳಿಗೆ ಆಚಾರ್ರು ಬಿದಿರಿನ ಕಡ್ಡಿಗಳನ್ನು ಅಂಟಿನಲ್ಲಿ ಅದ್ದಿ ಬಡಿದು, ಒಣಗಿದ ಮೇಲೆ ಹೊಸ ಸ್ಕ್ರೂ ಹಾಕಿದರು. ಮೂರನೆಯದನ್ನು ಎಲ್ಲಿ ಹಾಕುವುದೆಂದು ಕೇಳಿದರು. ನಡುವಿಗೆ ಎಂದೆ, ಹಾಗೆ ಹಾಕಿದ್ದನ್ನೇ ನೋಡಿದ್ದೆ. "ನಡುವಿಗೆ ಹಾಕಿದ್ರೆ ಚಂದ ಕಾಣ್ತದೆ, ಹಲಗೆ ಬಗ್ಗುವುದಿಲ್ಲ. ಆದ್ರೆ ಎಳಿತಾ ಇರುವುದು ಮೇಲೆ ಅಲ್ವಾ? ಅದರ ಹತ್ತಿರ ಹಾಕಿದ್ರೆ ಅದಕ್ಕೆ ಸಹಾಯ" ಎಂದರು. ಮೇಲಿನದರಿಂದ ಒಂದು ಗೇಣು ಕೆಳಗೆ ಹಾಕಿದರು.

ಆ ರಾತ್ರಿ ಅಣ್ಣನಿಗೆ ಫೋನು ಮಾಡಿದಾಗ ನನ್ನ ಮನಸ್ಸಿನಲ್ಲಿದ್ದದ್ದು ಈ ಒಂದು ಗೇಣು. ಅವನು ತಿಂಗಳು ತಿಂಗಳು ದುಡ್ಡು ಕಳಿಸುತ್ತಾನೆ, ನಾನು ದಿನಾ ಮಾತಾಡುತ್ತೇನೆ. ನಾವಿಬ್ಬರೂ ನಡುವಿನಲ್ಲಿ, ನೋಡುವುದಕ್ಕೆ ಚಂದ ಕಾಣುವ ಜಾಗದಲ್ಲಿ ನಿಂತಿದ್ದೆವು. ಎಳೆತ ಇದ್ದದ್ದು ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ. ಅಲ್ಲಿ ಯಾರೂ ಇರಲಿಲ್ಲ.

ಇಲ್ಲಿ ನನ್ನ ಹೆದರಿಕೆಯನ್ನೂ ಹೇಳಬೇಕು. ಮೂರನೆಯ ಬಿಜಾಗರಿ ಬೇಕೆಂದ ಕೂಡಲೇ ಬಂಧುಗಳ ಕಣ್ಣು ಯಾರ ಮೇಲೆ ಬೀಳುತ್ತದೆಂದು ನನಗೆ ಗೊತ್ತು. ಮದುವೆಯಾಗದ, ಕೆಲಸ ಸಿಗದ, 'ಇನ್ನೂ ಓದುತ್ತಿರುವ' ಮಗಳು. ಪ್ರಬಂಧ ಬಿಟ್ಟು ಬಂದುಬಿಡಲೇ ಎಂದು ಒಂದು ವಾರ ಯೋಚಿಸಿದೆ. ಹಾಗೆ ಮಾಡಿದ್ದರೆ ಅದನ್ನು ತ್ಯಾಗವೆಂದು ಎಲ್ಲರೂ ಮೆಚ್ಚುತ್ತಿದ್ದರು. ಅದು ಒಂದು ಬಿಜಾಗರಿಯನ್ನು ತೆಗೆದು ಅದೇ ಜಾಗಕ್ಕೆ ಇನ್ನೊಂದನ್ನು ಹಾಕಿದ ಹಾಗೆ, ಅಷ್ಟೇ. ಬಾಗಿಲು ಜಗ್ಗುವುದು ಹಾಗೆಯೇ ಉಳಿಯುತ್ತದೆ. ಆರೈಕೆ ಮಾಡುವವರನ್ನು ಆರೈಕೆ ಮಾಡುವವರು ಯಾರು ಎಂದು ಎವಾ ಕಿಟ್ಟೆ 'ಲವ್ಸ್ ಲೇಬರ್' ಪುಸ್ತಕದಲ್ಲಿ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಇನ್ನೊಬ್ಬ ಹೆಣ್ಣುಮಗಳು ಎಂದಾದರೆ ಪ್ರಶ್ನೆಯೇ ಮುಂದಕ್ಕೆ ಹೋಯಿತೇ ಹೊರತು ಮುಗಿಯಲಿಲ್ಲ.

ಕೊನೆಗೆ ನಾವು ಮಾಡಿಕೊಂಡದ್ದು ಸಾಧಾರಣ ಏರ್ಪಾಡು. ವಾರದಲ್ಲಿ ನಾಲ್ಕು ರಾತ್ರಿ ಪಕ್ಕದೂರಿನ ಒಬ್ಬ ಹುಡುಗ ಬಂದು ಅಪ್ಪನ ಕೋಣೆಯಲ್ಲಿ ಮಲಗುತ್ತಾನೆ, ಸಂಬಳ ಅಣ್ಣನದು. ತಿಂಗಳಲ್ಲಿ ಒಂದು ವಾರ ನಾನು ಊರಲ್ಲಿದ್ದು ಬರೆಯುತ್ತೇನೆ, ಎರಡು ಶನಿವಾರ–ಭಾನುವಾರ ಅಣ್ಣ ಬರುತ್ತಾನೆ. ಆ ರಾತ್ರಿಗಳಲ್ಲಿ ಅಮ್ಮ ಮಾಳಿಗೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಬೇಕೆಂಬುದು ನಮ್ಮ ಷರತ್ತು. ಇದು ಎಷ್ಟು ದಿನ ನಡೆಯುತ್ತದೋ ತಿಳಿಯದು. ಆ ಹುಡುಗನೂ ಯಾರದೋ ಮನೆಯ ಮಗ, ಅವನ ನಿದ್ದೆಯ ಲೆಕ್ಕವೂ ಇದರಲ್ಲಿ ಸೇರಬೇಕೆಂದು ಅಮ್ಮ ಹೇಳಿದಳು. ಅವನಿಗೆ ಹಗಲು ಬೇರೆ ಕೆಲಸವಿಲ್ಲವೆಂದು ಖಚಿತವಾದ ಮೇಲೆಯೇ ಒಪ್ಪಿದಳು.

ಆಚಾರ್ರು ಹೋಗುವಾಗ, ಆರು ತಿಂಗಳಿಗೊಮ್ಮೆ ಸ್ಕ್ರೂಗಳನ್ನು ಬಿಗಿ ಮಾಡಿ, ಕಡ್ಡಿ ತೆಗೆದು ಒರೆಸಿ ಗ್ರೀಸು ಹಚ್ಚಿ ಎಂದಿದ್ದರು. ಒಂದು ಸಲಕ್ಕೆ ಒಂದೇ ಕಡ್ಡಿ ತೆಗೆಯಬೇಕು, ಬಾಗಿಲಿನ ಕೆಳಗೆ ಮರದ ತುಂಡು ಕೊಟ್ಟಿರಬೇಕು, ಇಲ್ಲದಿದ್ದರೆ ಉಳಿದವುಗಳ ಮೇಲೆ ಭಾರ ಬೀಳುತ್ತದೆ. ಅಕ್ಟೋಬರಿನಲ್ಲಿ ನಾನೇ ಮಾಡಿದೆ. ಮೇಲಿನದರ ಒಂದು ಸ್ಕ್ರೂ ಕಾಲು ಸುತ್ತು ತಿರುಗಿತು, ಉಳಿದವು ಬಿಗಿಯಾಗಿದ್ದವು.

ಹೊಸ ಬಿಜಾಗರಿಗಳು ಸದ್ದು ಮಾಡುವುದಿಲ್ಲ. ಹುಡುಗ ಬರದ ರಾತ್ರಿಗಳಿಗಾಗಿ ಅಮ್ಮ ಬಾಗಿಲಿನ ಹಿಡಿಕೆಗೆ ಒಂದು ಗೆಜ್ಜೆ ಕಟ್ಟಿದ್ದಾಳೆ. ಅದು ಕೇಳಿಸಿದರೆ ನನಗೂ ಈಗ ಎಚ್ಚರವಾಗುತ್ತದೆ. ನಾನು ಊರಲ್ಲಿರುವ ವಾರದಲ್ಲಿ ಎದ್ದು ಹೋಗುವವಳು ನಾನೇ.